ಚೆಂಡಿಲ್ಲದವನನ್ನು ನೋಡಲು ತಿಂಗಳಿಗೆ 15 ಡಾಲರ್

ಎಕ್ಸ್-ರೇ ತೆಗೆಯುವುದು ನನ್ನ ಕೆಲಸ. ಶಿಕಾಗೋ ನಗರದ ಪಶ್ಚಿಮಕ್ಕಿರುವ ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ, ಹೆಚ್ಚಿನದೆಲ್ಲ ರಾತ್ರಿ ಪಾಳಿ. ಸೇರಿದ ಮೊದಲ ವಾರ ಹಿರಿಯಳೊಬ್ಬಳು ಹೇಳಿಕೊಟ್ಟ ಪಾಠ ಇವತ್ತಿಗೂ ಬದಲಾಗಿಲ್ಲ: ಒಂದೇ ಕೋನದ ಚಿತ್ರವನ್ನು ನಂಬಬೇಡ. ಎದುರಿನಿಂದ ನೋಡಿದರೆ ನೆಟ್ಟಗೆ ಕಾಣುವ ಮೂಳೆ ಪಕ್ಕದಿಂದ ನೋಡಿದರೆ ಸೀಳಿರುತ್ತದೆ. ಎನ್‌ಎಫ್‌ಎಲ್ ಪ್ಲಸ್ ಪ್ರೀಮಿಯಂ ಎಂಬ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನ ವೀಡಿಯೊ ಸೇವೆಗೆ 2025ರ ಮೇ ಮತ್ತು ಜೂನ್ ತಿಂಗಳ ಚಂದಾ ಕಟ್ಟಿದಾಗ ನನಗೆ ಬೇಕಾಗಿದ್ದದ್ದು ಅದರೊಳಗಿನ ಒಂದೇ ಒಂದು ಸಂಗತಿ. ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಅದು ಎರಡು ಕೋನದಿಂದ ತೋರಿಸುತ್ತದೆ.

ಮೇ ತಿಂಗಳಲ್ಲಿ ಪಂದ್ಯವೇ ಇರುವುದಿಲ್ಲವಲ್ಲ, ಆಗ ಯಾಕೆ ಹಣ ಕಟ್ಟಿದೆ ಎಂದು ನಮ್ಮ ಯಜಮಾನರೂ ಕೇಳಿದರು. ಕಾರಣ ಏಪ್ರಿಲ್ 24ರ ರಾತ್ರಿಯ ಡ್ರಾಫ್ಟ್. ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಮೂರು ದಿನದ ಜಾತ್ರೆ ಅದು. ಐಪಿಎಲ್ ಹರಾಜಿನ ಹಾಗೆ ಹಣದ ಕೂಗಾಟ ಇಲ್ಲ, ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಈ ಸಲ ಅದು ನಡೆದದ್ದು ಗ್ರೀನ್ ಬೇಯಲ್ಲಿ, ನಮ್ಮ ಶಿಕಾಗೋ ಬೇರ್ಸ್ ತಂಡದ ಹಳೆಯ ಹಗೆಯವರ ಅಂಗಳದಲ್ಲಿ. 2024ರಲ್ಲಿ 17 ಪಂದ್ಯಗಳಲ್ಲಿ 12 ಸೋತಿದ್ದ ನಮಗೆ ಹತ್ತನೆಯ ಸರದಿ. ಚೆಂಡು ಎಸೆದು ಆಕ್ರಮಣ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ನನ್ನು ಆ ಒಂದೇ ವರ್ಷ ಎದುರಾಳಿಗಳು 68 ಸಲ ನೆಲಕ್ಕೆ ಕೆಡವಿದ್ದರು. ಅವನ ಮುಂದೆ ಗೋಡೆಯಂತೆ ನಿಲ್ಲುವ ಆಳೊಬ್ಬನನ್ನು ತರುತ್ತಾರೆಂದು ನಾನು ಕಾದಿದ್ದೆ. ವೇದಿಕೆಯಿಂದ ಬಂದ ಹೆಸರು ಕೋಲ್‌ಸ್ಟನ್ ಲವ್‌ಲ್ಯಾಂಡ್, ಮಿಶಿಗನ್ ವಿಶ್ವವಿದ್ಯಾಲಯದ ಟೈಟ್ ಎಂಡ್, ಅಂದರೆ ಸಾಲಿನ ತುದಿಯಲ್ಲಿ ನಿಂತು ಎದುರಾಳಿಯನ್ನು ತಳ್ಳುವ, ಚೆಂಡನ್ನೂ ಹಿಡಿಯುವ ಆಟಗಾರ.

ಟೈಟ್ ಎಂಡ್ ನಮ್ಮಲ್ಲಿ ಆಗಲೇ ಇದ್ದ. ಕೋಲ್ ಕಮೆಟ್ 2020ರಿಂದ ತಂಡದಲ್ಲಿದ್ದಾನೆ, ಇಲ್ಲಿನ ಉಪನಗರದಲ್ಲೇ ಬೆಳೆದವನು, 2023ರಲ್ಲಿ 73 ಕ್ಯಾಚ್ ಹಿಡಿದವನು. ಮಿಕ್ಸಿ ಕೆಟ್ಟಿದೆ ಎಂದು ಅಂಗಡಿಗೆ ಹೋದವರು ಎರಡನೆಯ ಕುಕ್ಕರ್ ಹೊತ್ತು ತಂದರಲ್ಲ ಎಂದು ನಾನು ಗೊಣಗಿದೆ. ಮಗ ಸೋಫಾದಿಂದ ಏಳದೆಯೇ, "ಅಮ್ಮ, ಬೆನ್ ಜಾನ್ಸನ್ ಡೆಟ್ರಾಯಿಟ್‌ನಲ್ಲಿ ಏನು ಮಾಡುತ್ತಿದ್ದ ನೋಡು, ಆಮೇಲೆ ಬಯ್ಯಿ" ಎಂದ. ಜಾನ್ಸನ್ ಜನವರಿಯಲ್ಲಿ ನಮಗೆ ಬಂದ ಹೊಸ ಮುಖ್ಯ ತರಬೇತುದಾರ. ಅದಕ್ಕೆ ಮೊದಲು ಡೆಟ್ರಾಯಿಟ್ ಲಯನ್ಸ್ ತಂಡದ ಆಕ್ರಮಣದ ಹೊಣೆ ಅವನದಾಗಿತ್ತು. 2024ರಲ್ಲಿ ಆ ತಂಡ ಗಳಿಸಿದ್ದು 564 ಅಂಕ, ಲೀಗ್‌ನಲ್ಲೇ ಅತಿ ಹೆಚ್ಚು.

ಮಗನ ಮಾತಿಗೆ ಸೊಪ್ಪು ಹಾಕಲು ಇನ್ನೊಂದು ಕಾರಣವಿತ್ತು. ಅವನು ಹೈಸ್ಕೂಲಿನಲ್ಲಿ ಟೈಟ್ ಎಂಡ್ ಆಗಿದ್ದ. ನಾಲ್ಕು ವರ್ಷದಲ್ಲಿ ಚೆಂಡು ಅವನ ಕಡೆಗೆ ಬಂದದ್ದು ಮೂರೇ ಸಲ, ಅದರಲ್ಲಿ ಒಂದನ್ನು ಕೈಬಿಟ್ಟ. ಶುಕ್ರವಾರ ರಾತ್ರಿ ಉಲ್ಲನ್ ಟೋಪಿ ಹಾಕಿ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು, ಮಂಜಿನಷ್ಟು ತಣ್ಣಗಿನ ಅಲ್ಯೂಮಿನಿಯಂ ಬೆಂಚಿನ ಮೇಲೆ ಕುಳಿತು ನಾನು ಚೆಂಡನ್ನೇ ನೋಡುತ್ತಿದ್ದೆ. ಅಂದರೆ ಮಗನನ್ನು ನೋಡುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ "ಇವತ್ತು ಹೇಗಾಡಿದೆ" ಎಂದು ಅವನನ್ನೇ ಕೇಳುತ್ತಿದ್ದೆ. ಅವನು ಕಿಟಕಿಯ ಕಡೆ ತಿರುಗಿ "ಚೆನ್ನಾಗಿ" ಎನ್ನುತ್ತಿದ್ದ. ಆ ಉತ್ತರದ ಅರ್ಥ ಈ ಚಂದಾ ಕಟ್ಟಿದ ಮೇಲೆ ಸ್ವಲ್ಪ ತಿಳಿಯಿತು.

ಸೇವೆಯ ವಿಷಯಕ್ಕೆ ಬರುತ್ತೇನೆ. ಟಿವಿಯ ಕ್ಯಾಮೆರಾ ಚೆಂಡಿನ ಬೆನ್ನು ಬೀಳುತ್ತದೆ. ಚೌಕಟ್ಟಿನೊಳಗೆ ಹತ್ತು-ಹನ್ನೆರಡು ಜನ, ಉಳಿದವರು ಎಲ್ಲಿ ಏನು ಮಾಡುತ್ತಿದ್ದಾರೋ ದೇವರಿಗೇ ಗೊತ್ತು. 'ಆಲ್-22' ಎಂಬ ಚಿತ್ರದಲ್ಲಿ ಎರಡೂ ಕಡೆಯ 22 ಜನರೂ ಇರುತ್ತಾರೆ. ಮೊದಲು ಅಂಕಫಲಕ ಕ್ಷಣಕಾಲ ಬರುತ್ತದೆ, ಆಮೇಲೆ ಮೈದಾನದ ಪಕ್ಕದ ಎತ್ತರದಿಂದ ತೆಗೆದ ಒಂದು ನೋಟ, ಅದರ ಹಿಂದೆಯೇ ಅದೇ ಪ್ಲೇ (ಚೆಂಡು ಹೊರಟು ಸೀಟಿ ಊದುವವರೆಗಿನ ಆಟದ ಒಂದು ತುಣುಕು) ಮೈದಾನದ ತುದಿಯಿಂದ ಇನ್ನೊಮ್ಮೆ. ಸೀಟಿ ಊದಿದರೆ ಮುಗಿಯಿತು, ಮುಂದಿನ ಪ್ಲೇ. ತಂಡಗಳು ತಮ್ಮ ಕೋಣೆಯಲ್ಲಿ ಕೂತು ಅಭ್ಯಾಸ ಮಾಡುವುದು ಇದನ್ನೇ. 2012ರವರೆಗೆ ಲೀಗ್ ಇದನ್ನು ಹೊರಗಿನವರಿಗೆ ತೋರಿಸುತ್ತಿರಲಿಲ್ಲ. ಮೂರು ಗಂಟೆಯ ಪಂದ್ಯದಲ್ಲಿ ನಿಜವಾದ ಆಟ ನಡೆಯುವುದು ಸುಮಾರು 11 ನಿಮಿಷ. ಜಾಹೀರಾತು, ವಾದ, ತರಬೇತುದಾರರ ಮುಖದ ಸಿಟ್ಟು ಎಲ್ಲ ಕಳಚಿಹೋಗಿ ಇಲ್ಲಿ ಉಳಿಯುವುದು ಆ 11 ನಿಮಿಷದ ಎರಡು ಪ್ರತಿ.

ಸದ್ದಿಲ್ಲ. ವೀಕ್ಷಕ ವಿವರಣೆ ಇಲ್ಲ. ಮುಖಗಳಿಲ್ಲ, ಬೆನ್ನ ಮೇಲಿನ ಸಂಖ್ಯೆಯನ್ನು ಕಣ್ಣು ಕಿರಿದು ಮಾಡಿ ಓದಬೇಕು. ಮೊದಲ ದಿನ ಯಜಮಾನರು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, "ಇದು ಇರುವೆಗೂಡಿಗೆ ಕಲ್ಲು ಹೊಡೆದ ಹಾಗಿದೆ" ಎಂದು ಎದ್ದು ಹೋದರು. ನನಗೆ ಹಿಡಿಸಿತು. ಮುಖವಿಲ್ಲದ ಚಿತ್ರವನ್ನು ನೋಡಿಯೇ ಅನ್ನ ತಿನ್ನುವವಳು ನಾನು.

ಡೆಟ್ರಾಯಿಟ್‌ನ 2023 ಮತ್ತು 2024ರ ಪಂದ್ಯಗಳನ್ನು ಹಿಡಿದೆ. 2023ರಲ್ಲಿ ಅವರು ಎರಡನೆಯ ಸುತ್ತಿನಲ್ಲಿ ಸ್ಯಾಮ್ ಲಪೋರ್ಟಾ ಎಂಬ ಟೈಟ್ ಎಂಡ್‌ನನ್ನು ತಂದಿದ್ದರು. ಮೊದಲ ವರ್ಷವೇ 86 ಕ್ಯಾಚ್, 889 ಗಜ, 10 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಲೀಗ್‌ಗೆ ಹೊಸಬನಾದ ಟೈಟ್ ಎಂಡ್ ಒಬ್ಬ ಅಷ್ಟು ಕ್ಯಾಚ್ ಹಿಡಿದದ್ದು ಅದುವರೆಗೆ ಇರಲಿಲ್ಲ. ಅಂಕಿ ಎಲ್ಲರಿಗೂ ಗೊತ್ತಿರುವುದೇ. ಹೇಗೆ ಬಂತು ಎನ್ನುವುದು ಕಾಣುವುದು ತುದಿಯ ಕ್ಯಾಮೆರಾದಲ್ಲಿ.

ಒಂದು ಪ್ಲೇಯನ್ನು ನಾನು ಇಪ್ಪತ್ತು ಸಲವಾದರೂ ಹಿಂದೆ-ಮುಂದೆ ಓಡಿಸಿರಬೇಕು. ಲಪೋರ್ಟಾ ಸಾಲಿನ ಕೊನೆಯಲ್ಲಿ ನೆಲಕ್ಕೆ ಕೈಯೂರಿ ನಿಂತಿದ್ದಾನೆ. ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಎದುರಾಳಿಗಳಿಗೆ ಬೆನ್ನು ತಿರುಗಿಸಿ ಓಟಗಾರನ ಹೊಟ್ಟೆಗೆ ಚೆಂಡು ತುರುಕಿದಂತೆ ನಟಿಸುತ್ತಾನೆ. ಅಷ್ಟಕ್ಕೇ ಎದುರಿನ ಲೈನ್‌ಬ್ಯಾಕರ್‌ಗಳ, ಅಂದರೆ ರಕ್ಷಣಾ ಸಾಲಿನ ಹಿಂದೆ ನಿಲ್ಲುವವರ, ತೂಕ ಹಿಮ್ಮಡಿಯಿಂದ ಮುಂಗಾಲಿಗೆ ಬರುತ್ತದೆ, ಎರಡು ಹೆಜ್ಜೆ ಮುಂದೆ ಇಡುತ್ತಾರೆ. ಲಪೋರ್ಟಾ ಎದುರಿನವನ ಭುಜಕ್ಕೆ ಕೈ ಕೊಟ್ಟು, ಒಂದು ಎಣಿಕೆಯಷ್ಟು ಹೊತ್ತು ತಳ್ಳಿ, ಅವನ ಪಕ್ಕದಿಂದ ನುಸುಳಿ ಅವರು ಬಿಟ್ಟುಹೋದ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಗಾಫ್ ತಿರುಗುವಷ್ಟರಲ್ಲಿ ಆ ಜಾಗ ಖಾಲಿ. ಟಿವಿಯಲ್ಲಿ ಇದು "ಅರೆ, ಇವನೊಬ್ಬನನ್ನೇ ಬಿಟ್ಟುಬಿಟ್ಟರಲ್ಲ" ಎಂದು ಕಾಣುತ್ತದೆ. ಯಾರೂ ಬಿಟ್ಟಿರುವುದಿಲ್ಲ. ಅದಕ್ಕೆ ಹಿಂದಿನ ಹತ್ತು ಪ್ಲೇಗಳಲ್ಲಿ ಅವನು ನಿಜವಾಗಿಯೂ ತಳ್ಳಿದ್ದಾನೆ, ಚೆಂಡು ಬಯಸದೆ ತಳ್ಳಿದ್ದಾನೆ. ಆ ಸಾಲವನ್ನು ಹನ್ನೊಂದನೆಯದರಲ್ಲಿ ವಸೂಲು ಮಾಡುತ್ತಾನೆ.

ಮಗನ "ಚೆನ್ನಾಗಿ" ನೆನಪಾಗಿ ಚಿತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಎರಡನೆಯ ಕುಕ್ಕರ್‌ನ ಲೆಕ್ಕವೂ ಇಲ್ಲೇ ಇದೆ. ಒಬ್ಬನ ಬದಲು ಇಬ್ಬರು ಟೈಟ್ ಎಂಡ್‌ಗಳನ್ನು ಮೈದಾನಕ್ಕೆ ಬಿಟ್ಟರೆ ಎದುರಾಳಿ ಇಕ್ಕಟ್ಟಿಗೆ ಸಿಲುಕುತ್ತಾನೆ. ಭಾರದ ಆಳನ್ನು ತಂದರೆ ಅವನಿಗೆ ಲವ್‌ಲ್ಯಾಂಡ್‌ನ ಹಿಂದೆ ಓಡಲಾಗುವುದಿಲ್ಲ. ಹಗುರದವನನ್ನು ಉಳಿಸಿಕೊಂಡರೆ ಓಟದ ಪ್ಲೇಯಲ್ಲಿ ಕಮೆಟ್ ಅವನನ್ನು ಬದಿಗೆ ಒತ್ತರಿಸುತ್ತಾನೆ. ಸಾಲಿನ ಪಕ್ಕದಲ್ಲಿ ಕೈಯೂರಿ ನಿಲ್ಲುವ ಮಣ್ಣಿನ ಕೆಲಸ ಕಮೆಟ್‌ಗೆ, ಒಳಗೆ-ಹೊರಗೆ ಜಾಗ ಬದಲಿಸುತ್ತ ತಿರುಗುವ ಕೆಲಸ ಲವ್‌ಲ್ಯಾಂಡ್‌ಗೆ ಎಂಬುದು ನನ್ನ ಊಹೆ. ಆರಡಿ ಆರಂಗುಲ ಎತ್ತರವಿದ್ದೂ, ಓಡಿ ಚೆಂಡು ಹಿಡಿಯುವುದೇ ಕೆಲಸವಾದ ರಿಸೀವರ್‌ನ ಹಾಗೆ ಓಡುವವನು. 2024ರಲ್ಲಿ ಮಿಶಿಗನ್ ಪರ ಹತ್ತೇ ಪಂದ್ಯಗಳಲ್ಲಿ 56 ಕ್ಯಾಚ್. ಮೊದಲ ತಿಂಗಳಂತೂ ಅವನನ್ನು ತಳ್ಳುವ ಕೆಲಸಕ್ಕೆ ಹೆಚ್ಚು ಹಚ್ಚಬಾರದು. ಜನವರಿಯಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಗಿದೆ. ದುರಸ್ತಿಯಾದ ಭುಜಗಳ ಚಿತ್ರ ನಾನು ವಾರಕ್ಕೆ ಹತ್ತಾದರೂ ತೆಗೆಯುತ್ತೇನೆ. ಕೈ ಮೇಲೆತ್ತಲು ಬಂದ ಮಾತ್ರಕ್ಕೆ ನೂರಿಪ್ಪತ್ತು ಕಿಲೋ ಆಸಾಮಿಯನ್ನು ತಡೆಯಲು ಬಂತು ಎಂದಲ್ಲ.

ನನ್ನ ಊಹೆಗೆ ಒಂದು ತೊಡಕಿದೆ, ಅದು ವಿಲಿಯಮ್ಸ್. ಆ ನಟನೆ ಹೊಳೆಯುವುದು ಕ್ವಾರ್ಟರ್‌ಬ್ಯಾಕ್ ಸಾಲಿಗೆ ಅಂಟಿ ನಿಂತು ಚೆಂಡು ಪಡೆದು ಎದುರಾಳಿಗೆ ಬೆನ್ನು ಕೊಟ್ಟಾಗ. ವಿಲಿಯಮ್ಸ್ ಕಾಲೇಜಿನಲ್ಲಿ ಹೆಚ್ಚಾಗಿ ಐದು ಗಜ ಹಿಂದೆ ನಿಂತೇ ಆಡಿದವನು, ಎಲ್ಲವನ್ನೂ ಕಣ್ಣೆದುರು ಇಟ್ಟುಕೊಂಡು. 68 ಸಲ ಬಿದ್ದವನಿಗೆ "ಬೆನ್ನು ತಿರುಗಿಸು, ನಾವಿದ್ದೇವೆ" ಎಂದರೆ ನಂಬಿಕೆ ಒಂದೇ ಬೇಸಿಗೆಯಲ್ಲಿ ಬರುತ್ತದೆಯೇ? ನಂಬಿಕೆ ತರಿಸಲೆಂದೇ ಜೋ ಥೂನಿ, ಜೋನಾ ಜ್ಯಾಕ್ಸನ್, ಡ್ರೂ ಡಾಲ್‌ಮನ್ ಎಂಬ ಮೂವರು ಪಳಗಿದವರನ್ನು ಮಾರ್ಚ್‌ನಲ್ಲೇ ತಂದು ಸಾಲಿನ ನಡುಭಾಗಕ್ಕೆ ಹಾಕಿದ್ದಾರೆ. ಮಿಕ್ಸಿ ಮೊದಲೇ ಕೊಂಡಿದ್ದರು, ನಾನು ರಸೀದಿ ನೋಡಿರಲಿಲ್ಲ ಅಷ್ಟೆ.

ಶಿಕಾಗೋದವರಿಗೆ ಮುಳ್ಳಿನಂತೆ ಚುಚ್ಚುವ ಒಂದು ಪ್ಲೇ ಇದೆ. 2024ರ ಡಿಸೆಂಬರ್ 22, ನಮ್ಮ ತವರು ಮೈದಾನ ಸೋಲ್ಜರ್ ಫೀಲ್ಡ್, ಎದುರಿಗೆ ಡೆಟ್ರಾಯಿಟ್. ಚೆಂಡು ಹಿಡಿದ ಗಾಫ್ ಎಡವಿದ. ಓಟಗಾರ ಜಮಿರ್ ಗಿಬ್ಸ್ ನೆಲಕ್ಕೆ ಬಿದ್ದ. ಚೆಂಡು ಜಾರಿತೆಂದು ನಮ್ಮವರು ಅತ್ತ ನುಗ್ಗುವಷ್ಟರಲ್ಲಿ ಗಾಫ್ ನೆಟ್ಟಗೆ ನಿಂತು 21 ಗಜ ದೂರಕ್ಕೆ ಎಸೆದ, ಲಪೋರ್ಟಾಗೆ ಟಚ್‌ಡೌನ್. ಎಡವಿದ್ದೂ ಬಿದ್ದದ್ದೂ ಎಲ್ಲ ನಾಟಕ, ಜಾನ್ಸನ್ ಬರೆದದ್ದು. ಅವತ್ತು ಟಿವಿಯಲ್ಲಿ ನೋಡಿ ನಾನು ರಿಮೋಟ್ ಎಸೆದಿದ್ದೆ. ಆಲ್-22ರಲ್ಲಿ ನೋಡಿದಾಗ ಸಿಟ್ಟು ಕರಗಿ ಬೆರಗಾಯಿತು. ಗಾಫ್‌ನ ನಟನೆ ಅಷ್ಟೇನೂ ಒಳ್ಳೆಯದಲ್ಲ. ನಮ್ಮೂರ ಶಾಲಾ ವಾರ್ಷಿಕೋತ್ಸವದಲ್ಲಿ ಮೂರ್ಛೆ ಹೋಗುತ್ತಿದ್ದ ಹುಡುಗರೇ ವಾಸಿ. ಗಿಬ್ಸ್‌ನ ಬೀಳುವಿಕೆ ಮಾತ್ರ ಅಪ್ಪಟ. ಅವನು ಕೈಗೆ ಚೆಂಡೂ ಸಿಗದೆ ಹೊಟ್ಟೆ ಅಡಿಯಾಗಿ ಬಿದ್ದದ್ದರಿಂದಲೇ ರಕ್ಷಣೆಯವರ ಕಾಲು ಅರೆಕ್ಷಣ ತಡವರಿಸುತ್ತದೆ. ಮೊದಲ ಸುತ್ತಿನ ಹನ್ನೆರಡನೆಯ ಸರದಿಯಲ್ಲಿ ತಂದ ಆಟಗಾರ ಅವನು. ಅಂಥವನನ್ನು ಬರೀ ನೆಲಕ್ಕೆ ಬೀಳಲು ಬಳಸುವ ಧೈರ್ಯ ಇರುವ ತರಬೇತುದಾರ ಈಗ ನಮ್ಮವನು. ನನ್ನ ಪಾಲಿಗೆ ಆ ಒಂದು ಪ್ಲೇಗೇ ತಿಂಗಳ 15 ಡಾಲರ್ ಸಂದಿತು.

ಎರಡನೆಯ ಸುತ್ತಿನಲ್ಲಿ, ಒಟ್ಟು 39ನೆಯವನಾಗಿ ಬಂದ ಲೂಥರ್ ಬರ್ಡನ್ ಬೇರೆಯ ಜಾತಿ. ಮಿಸೌರಿ ವಿಶ್ವವಿದ್ಯಾಲಯದ ರಿಸೀವರ್. 2023ರಲ್ಲಿ 86 ಕ್ಯಾಚ್, 1,212 ಗಜ. ಮರುವರ್ಷ 676 ಗಜಕ್ಕೆ ಇಳಿದ, ಅದಕ್ಕೇ ಅಲ್ಲಿಯವರೆಗೆ ಉಳಿದಿದ್ದ ಎನ್ನಬೇಕು. ಚೆಂಡು ಕೈಗೆ ಬಂದ ಮೇಲೆ ಅವನ ಆಟ ಶುರುವಾಗುತ್ತದೆ, ಹಿಡಿಯಲು ಬಂದವರ ಕೈಯಿಂದ ಮೀನಿನಂತೆ ಜಾರುತ್ತಾನೆ. ರೋಮ್ ಒಡುನ್ಜೆ, ಡಿಜೆ ಮೂರ್ ಎಂಬ ರಿಸೀವರ್‌ಗಳಿಬ್ಬರೂ ಆಗಲೇ ಇರುವಾಗ ಇವನಿಗೆ ಎಲ್ಲಿ ಜಾಗ? ಕೀನನ್ ಆಲೆನ್ ಬಿಟ್ಟುಹೋದ ಒಳಗಿನ ಜಾಗ, ಅಂದರೆ ಸ್ಲಾಟ್, ಸಹಜ ಉತ್ತರ. ಆದರೆ ಡೆಟ್ರಾಯಿಟ್ ಚಿತ್ರ ನೋಡಿದ ಮೇಲೆ ನನ್ನ ಕಣ್ಣು ಬೇರೆ ಕಡೆ ಹೋಯಿತು. 2024ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಸೆಮಿಫೈನಲ್‌ನಂಥ ಪಂದ್ಯದಲ್ಲಿ ರಿಸೀವರ್ ಜೇಮ್ಸನ್ ವಿಲಿಯಮ್ಸ್ ಒಂದು ತುದಿಯಿಂದ ಹಿಂದಕ್ಕೆ ಓಡಿ ಬಂದು, ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಚೆಂಡು ಪಡೆದು, ಇನ್ನೊಂದು ಬದಿಯಿಂದ 42 ಗಜ ಓಡಿ ಟಚ್‌ಡೌನ್ ಮಾಡಿದ. ಜಾನ್ಸನ್‌ನ ರಿಸೀವರ್‌ಗಳು ಓಟಗಾರರೂ ಹೌದು. ಬರ್ಡನ್‌ಗೆ ವಾರಕ್ಕೆ ಐದಾರು ಸಲ ಹೀಗೆ ಅಡ್ಡಡ್ಡ ಓಡುವ ಕೆಲಸ ಕೊಟ್ಟು, ಮೂರು ಸಲ ಚೆಂಡು ಕೊಡದೆ ಬರೀ ಓಡಿಸಿದರೂ ಲಾಭವೇ, ಎದುರಾಳಿಗಳು ಅವನ ಹಿಂದೆ ಹೋಗಿರುತ್ತಾರೆ.

ಅದೇ ಸುತ್ತಿನ 56ನೆಯ ಸರದಿಯಲ್ಲಿ ಬಂದ ಓಝಿ ಟ್ರಪಿಲೊ ನಾನು ಮೊದಲು ಕಾದಿದ್ದ ಗೋಡೆ. ಬಾಸ್ಟನ್ ಕಾಲೇಜಿನವನು, ಎತ್ತರ ಆರಡಿ ಎಂಟಂಗುಲ, ಎಡ-ಬಲ ಎರಡೂ ಕಡೆ ಆಡಿದವನು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ಎಡತುದಿಗೆ, ಅಂದರೆ ಎಡ ಟ್ಯಾಕಲ್ ಜಾಗಕ್ಕೆ, ಬ್ರ್ಯಾಕ್ಸ್‌ಟನ್ ಜೋನ್ಸ್ ಜತೆ ಸ್ಪರ್ಧೆ. ಅಕ್ಟೋಬರ್‌ಗೆ ಮೊದಲು ಆ ಜಾಗ ಇತ್ಯರ್ಥವಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಆರನೆಯ ಸುತ್ತಿನಲ್ಲಿ ಬಂದ, ಟ್ಯಾಕಲ್ ಪಕ್ಕದಲ್ಲಿ ನಿಲ್ಲುವ ಗಾರ್ಡ್ ಲ್ಯೂಕ್ ನ್ಯೂಮನ್ ಈ ವರ್ಷ ಬೆಂಚು ಕಾಯುತ್ತಾನೆ.

ಕೈಲ್ ಮೊನಂಗಾಯ್‌ನನ್ನು ಮಾತ್ರ ಹಾಗೆ ಒಂದು ಸಾಲಿನಲ್ಲಿ ಮುಗಿಸಲಾರೆ. ಏಳನೆಯ ಸುತ್ತು, ಒಟ್ಟು 233ನೆಯವನು, ಆ ಹೊತ್ತಿಗೆ ಟಿವಿಯವರೂ ಆಕಳಿಸುತ್ತಿರುತ್ತಾರೆ. ರಟ್ಗರ್ಸ್‌ನ ಓಟಗಾರ, ಕುಳ್ಳು, ಗಟ್ಟಿಮುಟ್ಟು, 2024ರಲ್ಲಿ 1,279 ಗಜ. ಕಾಲೇಜಿನ ಅಷ್ಟೂ ವರ್ಷ ಓಡುವಾಗ ಚೆಂಡನ್ನು ಕೈಜಾರಿಸದವನು ಎಂಬುದು ಅವನ ಹಿರಿಮೆ. ಡೆಟ್ರಾಯಿಟ್‌ನಲ್ಲಿ ಜಾನ್ಸನ್ ಬಳಿ ಎರಡು ಬಗೆಯ ಓಟಗಾರರಿದ್ದರು: ಮಿಂಚಿನಂತೆ ಓಡುವ ಗಿಬ್ಸ್, ಎದೆಯೊಡ್ಡಿ ನುಗ್ಗುವ ಡೇವಿಡ್ ಮಾಂಟ್ಗೊಮರಿ. ಮಾಂಟ್ಗೊಮರಿ ಮೊದಲು ನಮ್ಮವನೇ. ನಾವು ಬಿಟ್ಟುಕೊಟ್ಟ ವರ್ಷವೇ ಅಲ್ಲಿ 1,015 ಗಜ, 13 ಟಚ್‌ಡೌನ್. ಅತ್ತ ಜಾನ್ಸನ್ ಬಳಿ ಇದ್ದ ಡಿ'ಆಂಡ್ರೆ ಸ್ವಿಫ್ಟ್ ಫಿಲಡೆಲ್ಫಿಯಾ ಸುತ್ತಿ ಈಗ ನಮ್ಮ ಬಳಿ ಇದ್ದಾನೆ. ಸ್ವಿಫ್ಟ್‌ಗೆ ಬಯಲು ಬೇಕು, ಎರಡು ಗಜ ಬೇಕಾದ ಕಡೆ ಎರಡೇ ಗಜ ತಂದುಕೊಡುವ ತಾಳ್ಮೆ ಅವನಿಗಿಲ್ಲ. ಆ ಕೂಲಿ ಕೆಲಸ ಮೊನಂಗಾಯ್‌ಗೆ ಬರುತ್ತದೆ, ದೀಪಾವಳಿಯೊಳಗೆ ಬರುತ್ತದೆ. ಮಗ ಒಪ್ಪುವುದಿಲ್ಲ. ಅವನ ಪ್ರಕಾರ ಏಳನೆಯ ಸುತ್ತಿನವರು ಅಭ್ಯಾಸದ ದಿನ ಕೋನು ಎತ್ತಿಡಲು ಇರುವವರು.

ಇನ್ನು ಸೇವೆಯ ಕೊರತೆಗಳು. ದೊಡ್ಡದು ಇದೇ: ಲವ್‌ಲ್ಯಾಂಡ್, ಬರ್ಡನ್ ಕಾಲೇಜಿನಲ್ಲಿ ಆಡಿದ ಪಂದ್ಯಗಳ ಇಂಥ ಚಿತ್ರ ಇಲ್ಲಿಲ್ಲ. ಇದು ವೃತ್ತಿಪರ ಲೀಗ್‌ನ ಉಗ್ರಾಣ ಮಾತ್ರ. ಹೊಸಬರನ್ನು ಬಯಸಿ ಬಂದವಳು ಅವರ ಮುಂದಿನ ಮನೆಯನ್ನು ನೋಡಬಹುದು, ಅವರನ್ನು ನೋಡಲಾಗದು. ಮೇಲೆ ಬರೆದದ್ದೆಲ್ಲ ಹಾಗಾಗಿ ಖಾಲಿ ಅಂಗಿಯ ಅಳತೆ ನೋಡಿ ಮೈ ಊಹಿಸಿದ ಹಾಗೆ. ಎರಡನೆಯದು, ನೇರಪ್ರಸಾರದ ಆಸೆಯಿಂದ ಇದಕ್ಕೆ ಹಣ ಹಾಕಬೇಡಿ. ಸ್ಥಳೀಯ ತಂಡದ ಮತ್ತು ರಾತ್ರಿಯ ಪಂದ್ಯಗಳನ್ನು ಫೋನು, ಟ್ಯಾಬ್ಲೆಟ್‌ನಲ್ಲಿ ಮಾತ್ರ ನೇರವಾಗಿ ನೋಡಬಹುದು, ಗೋಡೆಯ ಟಿವಿಯಲ್ಲಿ ಅಲ್ಲ. ಅಮೆರಿಕದಲ್ಲಿ ಇರುವವರಿಗಷ್ಟೇ ಈ ಚಂದಾ. ಭಾರತದಲ್ಲಿರುವವರಿಗೆ ಬೇರೆ ವ್ಯವಸ್ಥೆ. ಆಟ ಹೊಸತಾಗಿದ್ದರೆ ಮೊದಲು ಒಂದು ವರ್ಷ ಸಾಧಾರಣ ಟಿವಿಯಲ್ಲಿ ಚೆಂಡಿನ ಹಿಂದೆಯೇ ಓಡಿ, ಅದರಲ್ಲೂ ಸುಖವಿದೆ. ಪೂರ್ತಿ ಪಂದ್ಯವನ್ನು 45 ನಿಮಿಷಕ್ಕೆ ಇಳಿಸಿದ ಆವೃತ್ತಿಯೂ ಇದೇ ಚಂದಾದಲ್ಲಿ ಬರುತ್ತದೆ. ಸೊಪ್ಪು ಬಿಡಿಸುವಾಗ, ಇಸ್ತ್ರಿ ಮಾಡುವಾಗ ಅದು ಸರಿಹೋಗುತ್ತದೆ. ಆಲ್-22ಗೆ ಎರಡೂ ಕೈ ಖಾಲಿ ಇರಬೇಕು, ಒಂದು ಕೈ ಯಾವಾಗಲೂ ಹಿಂದಕ್ಕೆ ಓಡಿಸುವ ಗುಂಡಿಯ ಮೇಲೆ. ನನ್ನ ಹಳೆಯ ಲ್ಯಾಪ್‌ಟಾಪಿನ ಆ ಗುಂಡಿ ಜೂನ್ ಕೊನೆಗೆ ಕಿತ್ತು ಬಂತು.

ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಅಗ್ಗ, ಆದರೂ ನನ್ನ ಸಲಹೆ ತಿಂಗಳ ಲೆಕ್ಕ. ತಲೆಯಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಬಂದರೆ ಎರಡು ತಿಂಗಳು ಸಾಕು. ಪ್ರಶ್ನೆ ಇಲ್ಲದೆ ಬಂದರೆ ಇರುವೆಗೂಡು. ನಿಲ್ಲಿಸುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹಿಂದೆ ಬೇರೊಂದು ಚಂದಾವನ್ನು ಮರೆತು ಏಳು ತಿಂಗಳು ದಂಡ ತೆತ್ತ ಅನುಭವದಿಂದ ಹೇಳುತ್ತಿದ್ದೇನೆ.

ನನ್ನದನ್ನು ಜೂನ್ 30ಕ್ಕೆ ನಿಲ್ಲಿಸಿದೆ. ಸೆಪ್ಟೆಂಬರ್ 8ರ ಸೋಮವಾರ ರಾತ್ರಿ ಸೋಲ್ಜರ್ ಫೀಲ್ಡ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ಎದುರು ಮೊದಲ ಪಂದ್ಯ, ಅದರ ಮುಂದಿನ ವಾರವೇ ಡೆಟ್ರಾಯಿಟ್‌ಗೆ ಪಯಣ. ಮತ್ತೆ ಹಣ ಕಟ್ಟುವುದು ಆ ಮಂಗಳವಾರ. ಲವ್‌ಲ್ಯಾಂಡ್‌ಗೆ ಬರುವ ಮೊದಲ ಕ್ಯಾಚ್, ಅವನು ಯಾರನ್ನಾದರೂ ತಳ್ಳಿದಂತೆ ನಟಿಸಿ ನುಸುಳಿದ ಪ್ಲೇಯಿಂದಲೇ ಬರುತ್ತದೆ ಎಂದು ಮಗನ ಜತೆ ಒಂದು ಮಸಾಲೆದೋಸೆ ಪಣ ಇದೆ. ಆ ಸೋಮವಾರ ನನಗೆ ರಾತ್ರಿ ಪಾಳಿ ಇತ್ತು. ಸಹೋದ್ಯೋಗಿ ಒಬ್ಬಳ ಜತೆ ಬದಲಾಯಿಸಿಕೊಂಡಿದ್ದೇನೆ, ಪ್ರತಿಯಾಗಿ ಅಕ್ಟೋಬರ್‌ನಲ್ಲಿ ನೀರು ತುಂಬುವ ಹಬ್ಬದ ರಾತ್ರಿ ಅವಳ ಪಾಳಿ ನನಗೆ. ಮನೆಯಲ್ಲಿ ಇನ್ನೂ ಹೇಳಿಲ್ಲ.